ಮೂರು ಮನೆ, ಒಂದು ಕಟ್ಟು

ಮಾರ್ಚ್ 4, ಮಂಗಳವಾರ

ತಮ್ಮನಿಗೆ ಜಾಮೀನು ಸಿಕ್ಕಿತು. ಬಿಟ್ಟದ್ದೇ ತಡ, ನೇರವಾಗಿ ನನ್ನ ಡ್ರೈಕ್ಲೀನಿಂಗ್ ಅಂಗಡಿಗೆ ಬಂದ. "ಅಕ್ಕಾ, ಮೊದಲು ಈ ಅಂಗಿಗೆ ಏನಾದ್ರೂ ಮಾಡು, ಲಾಕಪ್ಪಿನ ವಾಸನೆ ಹೋಗ್ಬೇಕು" ಎಂದ. ಅಂಗಿ ಇಸಿದುಕೊಂಡು ಒಳಗೆ ಹೋಗಿ ಬಾಯ್ಲರ್ ಪಕ್ಕ ನಿಂತು ಅತ್ತುಬಿಟ್ಟೆ. ಹೊರಗೆ ಬಂದರೆ ಅವನು ಬನಿಯನ್ನಿನಲ್ಲೇ ಕೌಂಟರಿನ ಹಿಂದೆ ನಿಂತು ಗಿರಾಕಿಯೊಬ್ಬರಿಗೆ ಚೀಟಿ ಬರೆದುಕೊಡುತ್ತಿದ್ದ. ಅವರು ಚೀಟಿ ನೋಡುವುದು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು.

ಆಗಿದ್ದು ಇಷ್ಟು. ದಂತವೈದ್ಯರ ಮನೆಯಲ್ಲಿ ಕಳ್ಳತನವಾಗಿದೆ. ಆ ಮನೆಗೆ ಬಣ್ಣ ಬಳಿದು ಮುಗಿಸಿದವನು ನನ್ನ ತಮ್ಮ. ಕಿಟಕಿಯ ಮೇಲೆ ಅವನ ಬೆರಳಚ್ಚು ಇತ್ತಂತೆ. ಇರದೇ? ಕಿಟಕಿಗೆ ಬಣ್ಣ ಬಳಿಯುವವನು ಬೆರಳನ್ನು ತನ್ನ ಮನೆಯಲ್ಲಿ ಬಿಟ್ಟು ಹೋಗುತ್ತಾನೆಯೇ? ಆ ಮನೆಗೆ ಕೊಳಾಯಿಯವನು ಹೋಗುವುದಿಲ್ಲವೇ, ಅಡುಗೆಯವಳು ಹೋಗುವುದಿಲ್ಲವೇ, ಕಾರಿನ ಡ್ರೈವರ್ ಇಲ್ಲವೇ?

ಯಾರೋ ಪೊಲೀಸರ ಕಿವಿ ಊದಿದ್ದಾರೆ. ನನಗೆ ಎದುರು ಸಾಲಿನ ಫೋಟೊ ಸ್ಟುಡಿಯೋದವನ ಮೇಲೇ ಅನುಮಾನ. ತಮ್ಮ ನನ್ನ ಅಂಗಡಿಗೆ ಬಂದಾಗಲೆಲ್ಲ ತನ್ನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಇವತ್ತೂ ನಿಂತಿದ್ದ. ನಾನು ನೋಡಿದೊಡನೆ ಗಾಜು ಒರೆಸುವವನ ಹಾಗೆ ನಾಟಕ ಮಾಡಿದ.

ಮಾರ್ಚ್ 15, ಶನಿವಾರ

ಒಂದಲ್ಲ, ಈಗ ಮೂರು. ನಿವೃತ್ತ ಹೆಡ್‌ಮಿಸ್ ಮನೆ, ಜವಳಿ ಅಂಗಡಿಯವರ ಮನೆ. ಕಳೆದ ವರ್ಷ ಎರಡಕ್ಕೂ ತಮ್ಮನೇ ಬಣ್ಣ ಬಳಿದಿದ್ದನಂತೆ, ಎರಡರಲ್ಲೂ ಆಮೇಲೆ ಕಳ್ಳತನವಾಗಿತ್ತಂತೆ. ಪೊಲೀಸರು ಧೂಳು ಹಿಡಿದಿದ್ದ ಆ ದೂರುಗಳನ್ನು ಕೊಡವಿ ತಂದು ಇವನ ತಲೆಗೆ ಕಟ್ಟಿದ್ದಾರೆ.

ವಕೀಲರ ಆಫೀಸಿಗೆ ಮೂವರೂ ಹೋಗಿದ್ದೆವು. ನಾನು, ತಮ್ಮ, ಅವನ ಹೆಂಡತಿ. ವಕೀಲರಿಗೆ ಸದಾ ಪೆಪ್ಪರ್‌ಮಿಂಟ್ ಚೀಪುವ ಅಭ್ಯಾಸ. ಅದನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದ ಮೇಲೆಯೇ ಮಾತು.

"ಒಂದೊಂದೇ ಆಗಿದ್ರೆ ಊದಿದ್ರೆ ಹಾರಿಹೋಗೋ ಕೇಸು ಇವು. ದಂತವೈದ್ಯರ ಮನೇಲಿ ಬರೀ ಬೆರಳಚ್ಚು. ಹೆಡ್‌ಮಿಸ್ ಮನೆ ಹತ್ರ ಯಾರೋ ಇವನ ಮೈಕಟ್ಟಿನವನನ್ನ ನೋಡಿದ್ರಂತೆ, ಅದೂ ಬೆನ್ನು. ಜವಳಿಯವರ ಮನೇಲಿ ಅಷ್ಟೂ ಇಲ್ಲ. ಆದ್ರೆ ಮೂರನ್ನೂ ಒಂದೇ ಕಟ್ಟು ಕಟ್ಟಿ ಜಡ್ಜ್ ಮುಂದೆ ಇಟ್ರೆ, ನೋಡೋರ ಕಣ್ಣಿಗೆ ಬೇರೇನೇ ಕಾಣುತ್ತೆ."

"ಅದೆಂಥ ನ್ಯಾಯ ಸಾರ್?" ಎಂದೆ. "ಮೂರು ಮನೆ ಬಟ್ಟೆ ಒಂದೇ ತೊಟ್ಟೀಲಿ ನೆನೆಹಾಕಿದ್ರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಲ್ವಾ?"

"ಅದನ್ನೇ ನಾನು ಅರ್ಜೀಲಿ ಬರೀತೀನಿ, ಸ್ವಲ್ಪ ಉದ್ದ ಮಾಡಿ" ಎಂದರು. ಮೂರನ್ನೂ ಬೇರೆ ಬೇರೆ ವಿಚಾರಣೆ ಮಾಡಬೇಕೆಂದು ಕೇಳುತ್ತಾರಂತೆ.

ಬರುವಾಗ ತಮ್ಮ ನಕ್ಕ. "ಅಕ್ಕ ವಕೀಲಿ ಓದಬೇಕಿತ್ತು." ಅವನ ನಗು ಕೇಳಿ ಎಷ್ಟು ದಿನವಾಗಿತ್ತು.

ಏಪ್ರಿಲ್ 2, ಬುಧವಾರ

ಅರ್ಜಿ ವಜಾ. ಮೂರೂ ಒಂದೇ ಬಗೆಯ ಅಪರಾಧ, ಒಂದೇ ವರ್ಷದೊಳಗೆ ನಡೆದದ್ದು, ಮೂರು ಕಡೆಯೂ ಕಿಟಕಿಯಿಂದಲೇ ಒಳಗೆ ಹೋಗಿದ್ದಾರೆ, ಆದ್ದರಿಂದ ಒಂದೇ ವಿಚಾರಣೆ ಎಂದರು ನ್ಯಾಯಾಧೀಶರು. ಸರ್ಕಾರಿ ವಕೀಲೆ ದಪ್ಪ ಕನ್ನಡಕದ ಹೆಂಗಸು, ದನಿ ಎತ್ತುವುದೇ ಇಲ್ಲ. ಅಂಥವರನ್ನು ನಾನು ನಂಬುವುದಿಲ್ಲ.

ಆರೋಪ ಓದುವಾಗ ಕಳುವಾದ ಸಾಮಾನುಗಳನ್ನೂ ಓದಿದರು. ಕ್ಯಾಮೆರಾ, ಕೈಗಡಿಯಾರ, ಬೆಳ್ಳಿಯ ಲೋಟ. ಹೆಡ್‌ಮಿಸ್ ಮನೆಯಿಂದ ಒಂದು ಕಂದು ಬಣ್ಣದ ಉಣ್ಣೆಯ ಶಾಲು.

ಕಂದು ಬಣ್ಣದ ಉಣ್ಣೆಯ ಶಾಲುಗಳಿಗೆ ಬರವೇನೂ ಇಲ್ಲ. ಚಳಿಗಾಲದಲ್ಲಿ ನನ್ನ ಅಂಗಡಿಗೇ ರಾಶಿ ಬರುತ್ತವೆ.

ಏಪ್ರಿಲ್ 6, ಭಾನುವಾರ

ಕಪಾಟು ಚೊಕ್ಕಟ ಮಾಡಿದೆ. ತಮ್ಮ ಕೊಟ್ಟ ಶಾಲು ಕೈಗೆ ಬಂತು. ಹೋದ ಚಳಿಗಾಲ ನನಗೆ ಜ್ವರ ಬಂದು ಬಿಟ್ಟ ಮೇಲೆ, ಮೈ ಬೆಚ್ಚಗಿರಲಿ ಎಂದು ತಂದುಕೊಟ್ಟಿದ್ದ. ಒಳ್ಳೆಯ ಉಣ್ಣೆ. ಅವನ ಕೈಗೆ ಸ್ವಲ್ಪ ದುಬಾರಿಯೇ.

ಮೂಲೆಯಲ್ಲಿ ಲೇಬಲ್ ಇಲ್ಲ. ಕತ್ತರಿಸಿದ ಗುರುತು ಇದೆ. ಎಷ್ಟೋ ಜನ ಚುಚ್ಚುತ್ತದೆಂದು ಲೇಬಲ್ ಕತ್ತರಿಸುತ್ತಾರೆ, ದಿನಾ ನೋಡುತ್ತೇನೆ.

ಶಾಲನ್ನು ಅಂಗಡಿಗೆ ತಂದು, ಯಾರೂ ವಾಪಸ್ ಒಯ್ಯದೆ ಬಿಟ್ಟ ಬಟ್ಟೆಗಳ ಸಾಲಿನಲ್ಲಿ ನೇತುಹಾಕಿದೆ. ಮನೆಯ ಕಪಾಟಿನಲ್ಲಿ ಜಾಗ ಸಾಲುತ್ತಿರಲಿಲ್ಲ.

ಏಪ್ರಿಲ್ 21, ಸೋಮವಾರ

ನಾನು ಸಾಕ್ಷಿ ಹೇಳಬೇಕು. ಹೆಡ್‌ಮಿಸ್ ಮನೆಯಲ್ಲಿ ಕಳ್ಳತನವಾದ ರಾತ್ರಿ ತಮ್ಮ ನನ್ನ ಮನೆಯಲ್ಲಿದ್ದ. ನನಗೆ ಮೈ ಕೆಂಡದಂತೆ ಸುಡುತ್ತಿತ್ತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದ. ಬೆಳಗ್ಗೆ ಕಣ್ಣು ಬಿಟ್ಟಾಗ ನೆಲದ ಮೇಲೆ ಚಾಪೆ ಹಾಕಿಕೊಂಡು ಮಲಗಿದ್ದ. ದೇವರಾಣೆಗೂ ನಿಜ.

ವಕೀಲರು ಹೇಳಿಕೊಟ್ಟರು. "ಜ್ವರ ಇತ್ತು, ಬಂದ, ಬೆಳಗಿನ ತನಕ ಇದ್ದ. ಇಷ್ಟೇ ಹೇಳಿ. ನನ್ನ ತಮ್ಮ ಒಳ್ಳೇವನು, ಅಂಥವನಲ್ಲ, ಇಂಥವನಲ್ಲ ಅನ್ನೋ ಮಾತು ಬೇಡ."

"ಒಳ್ಳೆಯವನನ್ನ ಒಳ್ಳೆಯವನು ಅನ್ನೋ ಹಾಗಿಲ್ವಾ?"

"ಇಲ್ಲ. ಅವನ ನಡತೆ ಕೆಟ್ಟದ್ದು ಅಂತ ಹೇಳೋಕೆ ಈಗ ಸರ್ಕಾರಿ ವಕೀಲರಿಗೆ ಅವಕಾಶ ಇಲ್ಲ. ಹಳೇ ಶಿಕ್ಷೆ ಎತ್ತೋ ಹಾಗಿಲ್ಲ. ನಾವಾಗಿ ನಡತೆ ಮಾತು ತೆಗೆದ್ವೋ, ಅವರನ್ನ ಕರೆದು ಮಣೆ ಹಾಕಿದ ಹಾಗೆ."

ಹಳೇ ಶಿಕ್ಷೆ. ಆ ಮಾತು ಕೇಳಿ ಎಷ್ಟು ವರ್ಷವಾಗಿತ್ತು. ತಮ್ಮನಿಗೆ ಆಗ ಹತ್ತೊಂಬತ್ತು. ಗೋದಾಮಿನಿಂದ ತಾಮ್ರದ ತಂತಿ ಕದ್ದು ಮಾರಿದ ಹುಡುಗರ ಗುಂಪಿನಲ್ಲಿ ಅವನೂ ಇದ್ದ. ಮೂರು ತಿಂಗಳು ಜೈಲು. ಅಪ್ಪ ಎಲ್ಲರಿಗೂ ಮಗ ದೂರದಲ್ಲಿ ಕೆಲಸ ಕಲಿಯುತ್ತಿದ್ದಾನೆ ಎಂದಿದ್ದರು. ಅವನ ಹೆಂಡತಿಗೆ ಇದು ಗೊತ್ತಿಲ್ಲ. ಗೊತ್ತಾಗದ ಹಾಗೆ ಇಷ್ಟು ವರ್ಷ ನೋಡಿಕೊಂಡವಳು ನಾನು.

ವಕೀಲರು ಬಾಗಿಲ ತನಕ ಬಂದು ಇನ್ನೊಮ್ಮೆ ಹೇಳಿದರು. ನಾನೇನು ಮಗುವೇ?

ಏಪ್ರಿಲ್ 24, ಗುರುವಾರ

ಶಾಲಿಗೆ ಕಪ್ಪು ಬಣ್ಣ ಹಾಕಿದೆ. ತುಂಬ ಮಾಸಿತ್ತು.

ಮೇ 8, ಗುರುವಾರ

ಸಾಕ್ಷಿಯಾಗಬೇಕಾದವರು ಒಳಗೆ ಕೂರುವ ಹಾಗಿಲ್ಲ. ಬೆಳಗಿನಿಂದ ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಹೆಡ್‌ಮಿಸ್ ಸಾಕ್ಷಿ ಮುಗಿಸಿ ಕೋಲೂರಿಕೊಂಡು ಹೊರಗೆ ಬಂದರು. ನನ್ನನ್ನು ನೋಡಿ ನಿಂತರು. ನಾನು ಯಾರೆಂದು ಗೊತ್ತಿಲ್ಲ ಅವರಿಗೆ. "ಒಳಗೆ ಫ್ಯಾನ್ ಇಲ್ಲಮ್ಮ, ಕರವಸ್ತ್ರ ಇಟ್ಕೊಂಡು ಹೋಗಿ" ಎಂದು ಹೇಳಿ ಹೋದರು.

ಊಟದ ಹೊತ್ತಿಗೆ ತಮ್ಮನ ಹೆಂಡತಿ ಬಂದು ಒಳಗೆ ನಡೆದದ್ದು ಹೇಳಿದಳು. "ಅತ್ತಿಗೆ, ಆಯಮ್ಮನ ಶಾಲಿನಲ್ಲಿ ಹುಳ ತಿಂದು ತೂತಾಗಿತ್ತಂತೆ, ರಫು ಮಾಡಿಸಿದ್ರಂತೆ. ಅಷ್ಟು ಹಳೇ ಶಾಲನ್ನ ಯಾವ ಕಳ್ಳ ಒಯ್ತಾನೆ ಹೇಳಿ? ಮರೆತು ಎಲ್ಲೋ ಬಿಟ್ಟಿರ್ತಾರೆ."

ಸಂಜೆ ಅಂಗಡಿಯ ಬಾಗಿಲೆಳೆದು ಶಾಲನ್ನು ದೀಪದ ಕೆಳಗೆ ಹರಡಿದೆ. ಭೂತಗನ್ನಡಿ ಹಿಡಿದು ಅಂಚಿನಿಂದ ಅಂಚಿಗೆ ನೋಡಿದೆ. ರಫು ಇಲ್ಲ.

ಆದರೆ ಒಳ್ಳೆಯ ರಫು ಕಾಣಬಾರದು. ನಾನೇ ಮಾಡಿದ್ದನ್ನು ಒಂದು ತಿಂಗಳು ಬಿಟ್ಟು ನನಗೇ ಹುಡುಕಲು ಆಗುವುದಿಲ್ಲ. ಮೇಲೆ ಕಪ್ಪು ಬಣ್ಣ ಬೇರೆ ಕೂತಿದೆ.

ಮೇ 25, ಭಾನುವಾರ

ನಾಳೆ ನನ್ನ ಸಾಕ್ಷಿ. ತಮ್ಮ ಬಂದಿದ್ದ, ಮಗಳು ಗುಬ್ಬಿಯನ್ನೂ ಕರೆದುಕೊಂಡು. ಗುಬ್ಬಿ ಹೊಸ ಸೈಕಲಿನಲ್ಲಿ ಬಂದಳು. ಹೋದ ವರ್ಷದ್ದೇ ಅಂತೆ, ನಾನು ಈಗ ನೋಡಿದೆ.

"ಭಯ ಇದೆಯಾ ಅಕ್ಕ?" ಎಂದ.

"ನನಗ್ಯಾಕೆ ಭಯ?"

"ಅಲ್ಲ, ಅವತ್ತು ನಿನಗೆ ಮೈಮೇಲೆ ಎಚ್ಚರಾನೇ ಇರಲಿಲ್ಲ. ಮಾತ್ರೆ ಕೊಟ್ಟ ಮೇಲೆ ಹೊರಳಿ ಕೂಡ ಮಲಗಲಿಲ್ಲ. ನಾನು ಎರಡು ಸಲ ಮೂಗಿನ ಹತ್ರ ಕೈ ಇಟ್ಟು ನೋಡಿದ್ದೆ."

ನಗುನಗುತ್ತ ಹೇಳಿದ. ನಾನೂ ನಕ್ಕೆ. ಮಾತ್ರೆ ಕೊಟ್ಟವನು ಅವನೇ ಎಂಬುದು ನನಗೆ ಮರೆತೇಹೋಗಿತ್ತು. ಯಾವ ಮಾತ್ರೆಯೋ, ಡಾಕ್ಟರ ಚೀಟಿ ಇತ್ತೋ ಇಲ್ಲವೋ. ಕೇಳಿದರೆ ತಪ್ಪು ತಿಳಿದಾನು.

ಒಂದೊಂದನ್ನೇ ನೋಡಿದರೆ ಏನೂ ಇಲ್ಲ. ಮಾತ್ರೆ, ಶಾಲು, ಸೈಕಲ್ಲು. ಎಲ್ಲರ ಮನೆಯಲ್ಲೂ ಇರುವಂಥವೇ.

ಅವನು ಹೋದ ಮೇಲೆ ನನ್ನ ಬಳೆಗಳು ಎಲ್ಲಿವೆ ಎಂದು ನೋಡಿದೆ. ಇದ್ದವು. ಎಷ್ಟೋ ದಿನದಿಂದ ನೋಡಿರಲಿಲ್ಲವಲ್ಲ, ಹಾಗಾಗಿ ನೋಡಿದೆ.

ಮೇ 26, ಸೋಮವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಹೇಳಿಕೊಟ್ಟಂತೆಯೇ ಹೇಳಿದೆ. ಜ್ವರ, ಒದ್ದೆ ಬಟ್ಟೆ, ಚಾಪೆ. ಆಮೇಲೆ ಸರ್ಕಾರಿ ವಕೀಲೆ ಎದ್ದರು. ತುಂಬ ಮೆತ್ತಗೆ ಕೇಳಿದರು. "ಮಾತ್ರೆ ತೊಗೊಂಡಿದ್ರಾ ಅವತ್ತು?"

"ತೊಗೊಂಡಿದ್ದೆ."

"ಯಾರು ಕೊಟ್ಟಿದ್ದು?"

"ತಮ್ಮ."

"ನಿದ್ದೆ ಬಂತಾ?"

"ಬಂತು."

"ಮಧ್ಯೆ ಯಾವಾಗಲಾದ್ರೂ ಎಚ್ಚರ ಆಯ್ತಾ?"

"ಇಲ್ಲ."

"ಹಾಗಾದ್ರೆ ರಾತ್ರಿಯೆಲ್ಲ ಅವರು ಅಲ್ಲೇ ಇದ್ರು ಅಂತ ನಿಮಗೆ ಹೇಗೆ ಗೊತ್ತು?"

ಗೊತ್ತಿಲ್ಲ ಎಂದು ಸುಮ್ಮನಾಗಬಹುದಿತ್ತು. ಅವನು ಮೂಗಿನ ಹತ್ತಿರ ಕೈ ಇಟ್ಟು ನೋಡಿದ್ದನ್ನು ಹೇಳಬಹುದಿತ್ತು. ತಮ್ಮ ಆರೋಪಿಯ ಕಟಕಟೆಯಲ್ಲಿ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಅವನ ಕಡೆ ನೋಡದೆ ಹೇಳಿದೆ. "ನನ್ನ ತಮ್ಮ ಅಂಥವನಲ್ಲ. ಹುಟ್ಟಿದಾಗಿನಿಂದ ನೋಡಿದೀನಿ. ಇನ್ನೊಬ್ಬರದ್ದು ಒಂದು ಗುಂಡುಸೂಜಿ ಮುಟ್ಟಿದವನಲ್ಲ."

ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು. ಬಾಯಿಯೊಳಗಿನ ಪೆಪ್ಪರ್‌ಮಿಂಟ್ ಕಟಕ್ಕೆಂದು ಮುರಿದದ್ದು ನನಗೆ ಕೇಳಿಸಿತು.

ಸರ್ಕಾರಿ ವಕೀಲೆ ನನಗೆ ಥ್ಯಾಂಕ್ಸ್ ಎಂದರು. ನ್ಯಾಯಾಧೀಶರ ಕಡೆ ತಿರುಗಿ, "ಆರೋಪಿಯ ಕಡೆಯವರೇ ನಡತೆಯ ವಿಷಯ ಎತ್ತಿದಾರೆ. ಅದಕ್ಕೆ ಉತ್ತರವಾಗಿ ಹಳೆಯ ಶಿಕ್ಷೆಯ ದಾಖಲೆ ಹಾಜರುಪಡಿಸೋಕೆ ಅನುಮತಿ ಬೇಕು" ಎಂದರು. ನಮ್ಮ ವಕೀಲರು ಎದ್ದು ಏನೇನೋ ವಾದಿಸಿದರು. ಅನುಮತಿ ಸಿಕ್ಕಿತು.

ಬಾಯಿ ತಪ್ಪಿ ಬಂತು. ಅಕ್ಕನಾದವಳಿಗೆ ಬಾರದೇ ಇರುತ್ತದೆಯೇ.

ಮೆಟ್ಟಿಲ ಮೇಲೆ ತಮ್ಮ ನನ್ನ ತೋಳು ಹಿಡಿದು, "ಬಿಡಕ್ಕ, ಪ್ರೀತಿಗೆ ಹೇಳ್ದೆ" ಎಂದ. ಬಹಳ ಮೆತ್ತಗೆ ಎಂದ.

ಮೇ 27, ಮಂಗಳವಾರ

ಹಳೆಯ ಕಡತ ತಂದು ಓದಿದರು. ಗೋದಾಮು, ತಂತಿ, ಮೂರು ತಿಂಗಳು. ನನ್ನ ಸಾಕ್ಷಿ ಮುಗಿದಿದ್ದರಿಂದ ಒಳಗೆ ಕೂರಲು ಬಿಟ್ಟರು. ತಮ್ಮನ ಹೆಂಡತಿ ನನ್ನ ಪಕ್ಕದಲ್ಲಿದ್ದಳು. ಮೊದಲು ಅವಳಿಗೆ ಯಾರ ವಿಷಯ ಓದುತ್ತಿದ್ದಾರೆಂದೇ ತಿಳಿಯಲಿಲ್ಲ. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹೊರಗೆ ಬಂದ ಮೇಲೆ, "ನಿಮಗೆ ಗೊತ್ತಿತ್ತಾ ಅತ್ತಿಗೆ?" ಎಂದಳು.

"ಗೊತ್ತಿತ್ತು."

"ಗೊತ್ತಿದ್ದೂ ನಿನ್ನೆ ಅಲ್ಲಿ ನಿಂತು ಗುಂಡುಸೂಜಿ ಮುಟ್ಟಿಲ್ಲ ಅಂದ್ರಾ?"

ಒಬ್ಬಳೇ ಆಟೊ ಹತ್ತಿ ಹೋದಳು. ಗಂಡನಿಗೂ ಕಾಯಲಿಲ್ಲ. ಅವಳ ಕೋಪ ಯಾರ ಮೇಲೆ ಎಂಬುದೇ ನನಗೆ ತಿಳಿಯಲಿಲ್ಲ.

ಜೂನ್ 27, ಶುಕ್ರವಾರ

ಮೂರರಲ್ಲೂ ತಪ್ಪಿತಸ್ಥ. ಎರಡು ವರ್ಷ.

ಬೆರಳಚ್ಚು, ಬೆನ್ನು ನೋಡಿದವರ ಮಾತು, ಮೂರೂ ಮನೆಗೆ ಇವನೇ ಹೋಗಿದ್ದು, ಮೇಲೆ ಹಿಂದೊಮ್ಮೆ ಇಂಥದೇ ತಪ್ಪು ಮಾಡಿದ್ದು, ಇವೆಲ್ಲ ಕೂಡಿದರೆ ಸಂಶಯಕ್ಕೆ ಎಡೆ ಇಲ್ಲ ಎಂದರು.

ನನಗೆ ಅಳು ಬರಲಿಲ್ಲ. ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ. ಇಷ್ಟು ದಿನದ ಓಡಾಟದ ದಣಿವು.

ಜುಲೈ 13, ಭಾನುವಾರ

ತಮ್ಮನ ಹೆಂಡತಿ ಅಂಗಡಿಗೆ ಬಂದಳು, ಗುಬ್ಬಿಯ ಸ್ಕೂಲ್ ಕೋಟು ತೆಗೆದುಕೊಂಡು. ನನ್ನ ಹೆಗಲ ಮೇಲೆ ಶಾಲು ನೋಡಿದಳು. ಶಿಕ್ಷೆಯಾದ ಮೇಲೆ ಅದನ್ನು ಹೊದೆಯುತ್ತಿದ್ದೇನೆ. ಬೆಳಗಿನ ಹೊತ್ತು ಥಂಡಿ.

ಅಂಚು ಹಿಡಿದು ನೋಡಿ, "ಇದು ನಾವು ಕೊಟ್ಟಿದ್ದಲ್ವಾ? ಯಾಕೆ ಕಪ್ಪು ಮಾಡಿದ್ರಿ?" ಎಂದಳು.

"ಮಾಸಿತ್ತು."

"ಎಷ್ಟು ಅಂಗಡಿ ಸುತ್ತಿ ಆರಿಸಿದ್ದೆ ಗೊತ್ತಾ. ಇವರು ಬೂದು ಬಣ್ಣ ಅಂತಿದ್ರು, ನಾನೇ ಕಂದು ಅಂದೆ. ಲೇಬಲ್ ಒರಟಾಗಿತ್ತು, ಜ್ವರದ ಮೈಗೆ ಚುಚ್ಚೀತು ಅಂತ ಅಂಗಡೀಲೇ ಕತ್ತರಿ ಇಸ್ಕೊಂಡು ಕತ್ತರಿಸಿದ್ದೆ."

ಕೋಟಿಗೆ ಚೀಟಿ ಬರೆದುಕೊಟ್ಟೆ. ಇಸಿದುಕೊಂಡು ಹೋದಳು.

ಗಂಡ ಜೈಲಿನಲ್ಲಿರುವಾಗ ಹೆಂಡತಿ ಹೀಗೆಯೇ ಹೇಳಬೇಕಲ್ಲ. ಆದರೆ ನಾನು ಲೇಬಲಿನ ಮಾತು ಎತ್ತಿರಲೇ ಇಲ್ಲ.

ಸೆಪ್ಟೆಂಬರ್ 30, ಮಂಗಳವಾರ

ದಂತವೈದ್ಯರ ಕಾರಿನ ಡ್ರೈವರ್ ಸಿಕ್ಕಿಬಿದ್ದಿದ್ದಾನೆ. ಅವರ ಕ್ಯಾಮೆರಾ ಮಾರಲು ಹೋಗಿದ್ದನಂತೆ. ಕಿಟಕಿ ಒಳಗಿನಿಂದ ತೆಗೆದಿಟ್ಟು ಹೋಗಿದ್ದು ತಾನೇ ಎಂದು ಒಪ್ಪಿಕೊಂಡಿದ್ದಾನೆ. ಉಳಿದೆರಡು ಮನೆ ಅವನಿಗೆ ಗೊತ್ತೇ ಇಲ್ಲ.

ವಕೀಲರ ಫೋನು. "ಕಟ್ಟಿನ ಗಂಟು ಬಿಚ್ಚಿತು ನೋಡಿ. ಬೆರಳಚ್ಚು ಇದ್ದದ್ದು ಅದೊಂದರಲ್ಲೇ. ಅದು ಹೋದ್ರೆ ಉಳಿದಿದ್ದು ಬರೀ ಬೆನ್ನು."

ಸಂಜೆ ಫೋಟೊ ಸ್ಟುಡಿಯೋದವನು ಅಂಗಡಿಗೆ ಬಂದು, "ನನಗೆ ಮೊದಲಿಂದಲೂ ನಂಬಿಕೆ ಇರಲಿಲ್ಲ ಬಿಡಿ, ಅವನು ನಮ್ಮ ಅಂಗಡಿಗೂ ಬಣ್ಣ ಬಳಿದವನು" ಎಂದ. ಎಂಥ ಜನ, ಗಾಳಿ ಬಂದ ಕಡೆ ತೂರಿಕೊಳ್ಳುತ್ತಾರೆ.

ನವೆಂಬರ್ 18, ಮಂಗಳವಾರ

ಮೇಲಿನ ಕೋರ್ಟು ಮೂರೂ ಶಿಕ್ಷೆ ರದ್ದು ಮಾಡಿತು. ವಕೀಲರು ಅಂಗಡಿಗೇ ಬಂದು, ಮೊದಲ ಸಲ ನನಗೂ ಒಂದು ಪೆಪ್ಪರ್‌ಮಿಂಟ್ ಕೊಟ್ಟು, ತೀರ್ಪು ಬಿಡಿಸಿ ಹೇಳಿದರು. ಬಣ್ಣ ಬಳಿದವನು ಒಬ್ಬನೇ ಎಂಬುದನ್ನು ಬಿಟ್ಟರೆ ಆ ಮೂರಕ್ಕೂ ಸಂಬಂಧವಿಲ್ಲ. ಒಂದು ಕಡೆ ಕಿಟಕಿಯ ಗಾಜು ಒಡೆದಿದ್ದರು, ಇನ್ನೊಂದು ಕಡೆ ಸರಳು ಬಗ್ಗಿಸಿದ್ದರು, ಮತ್ತೊಂದು ಕಡೆ ಒಳಗಿನವನೇ ತೆಗೆದಿಟ್ಟಿದ್ದ. ಒಂದನ್ನು ಇನ್ನೊಂದಕ್ಕೆ ಆಸರೆ ಕೊಟ್ಟು ನಿಲ್ಲಿಸಿದ್ದು ತಪ್ಪು. ಪಾಟೀಸವಾಲಿನಲ್ಲಿ ಅಕ್ಕನೊಬ್ಬಳು ಒತ್ತಡಕ್ಕೆ ಸಿಕ್ಕಿ ಆಡಿದ ಮಾತು ಆರೋಪಿ ತನ್ನ ನಡತೆಗೆ ತಾನೇ ಕೊಟ್ಟ ಸಾಕ್ಷ್ಯವಲ್ಲ, ಆದ್ದರಿಂದ ಹಳೆಯ ಶಿಕ್ಷೆಯನ್ನು ಒಳಗೆ ಬಿಟ್ಟದ್ದೂ ತಪ್ಪು.

"ಒತ್ತಡಕ್ಕೆ ಸಿಕ್ಕಿ ಅಂತ ಬರೆದಿದಾರಾ?" ಎಂದು ಕೇಳಿದೆ.

"ಬರೆದಿದಾರೆ."

ಒಳ್ಳೆಯದಾಯಿತು.

ನವೆಂಬರ್ 30, ಭಾನುವಾರ

ತಮ್ಮ ಊಟಕ್ಕೆ ಬಂದಿದ್ದ, ಒಬ್ಬನೇ. ಸೊರಗಿದ್ದಾನೆ. ಬಣ್ಣದ ಕೆಲಸಕ್ಕೆ ಯಾರೂ ಮನೆಯೊಳಗೆ ಕರೆಯುತ್ತಿಲ್ಲ, ಪೇಂಟ್ ಅಂಗಡಿಯೊಂದರಲ್ಲಿ ಬಣ್ಣ ಕಲೆಸಿ ಕೊಡುತ್ತಾನೆ. ಊಟದ ನಡುವೆ ಪಕ್ಕದ ಮನೆಯವರು ಇಣುಕಿದಾಗ, "ನಮ್ಮಕ್ಕ ಕೋರ್ಟಿನಲ್ಲಿ ನನ್ನ ಪರ ನಿಂತವಳು" ಎಂದು ಅವರಿಗೆ ಹೇಳಿದ.

ಅವರು ಹೋದ ಮೇಲೆ ತಟ್ಟೆ ನೋಡುತ್ತ ಕೇಳಿದ. "ವಕೀಲರು ನಿನಗೆ ಹಾಗನ್ನಬೇಡ ಅಂತ ಹೇಳಿರಲಿಲ್ವಾ ಅಕ್ಕ?"

"ಹೇಳಿದ್ರು."

"ಎಷ್ಟು ಸಲ?"

"ನೆನಪಿಲ್ಲ."

"ಹೂಂ" ಎಂದ. ತಟ್ಟೆಯನ್ನು ತಾನೇ ತೊಳೆದಿಟ್ಟ. ಮೊದಲೆಲ್ಲ ಹಾಗೆಯೇ ಬಿಟ್ಟು ಎದ್ದುಹೋಗುತ್ತಿದ್ದ, ಬೈಸಿಕೊಳ್ಳುತ್ತಿದ್ದ. ಏನು ಯೋಚಿಸಿ ತೊಳೆದನೋ.

ಡಿಸೆಂಬರ್ 11, ಗುರುವಾರ

ಅಂಗಡಿಗೆ ರಜೆ ಹಾಕಿ ಗುಬ್ಬಿಯನ್ನು ನೋಡಿ ಬರೋಣವೆಂದು ಹೋದೆ. ಶಾಲೆ ಬಿಡುವ ಹೊತ್ತು, ತಮ್ಮನೂ ಹೆಂಡತಿಯೂ ಕೆಲಸದಲ್ಲಿರುತ್ತಾರೆ. ಬಾಗಿಲಿಗೆ ಹೊಸ ಸರಪಳಿ ಹಾಕಿಸಿದ್ದಾರೆ. ಗುಬ್ಬಿ ನಾಲ್ಕು ಬೆರಳಷ್ಟು ತೆಗೆದು ಇಣುಕಿದಳು.

"ಅತ್ತೆ, ಒಂದು ನಿಮಿಷ ಇರಿ. ಯಾರೇ ಬಂದ್ರೂ ಅಪ್ಪನ್ನ ಕೇಳದೆ ಬಾಗಿಲು ತೆಗೀಬಾರದು ಅಂದಿದಾರೆ."

"ನಾನೇ ಅಲ್ವೇನೇ?"

"ಕೇಳ್ತೀನಿ ಅತ್ತೆ."

ಬಾಗಿಲು ಮುಚ್ಚಿತು. ಒಳಗೆ ಫೋನಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು. "ಅಪ್ಪಾ, ಅತ್ತೆ ಬಂದಿದಾರೆ... ಹೂಂ, ಒಬ್ಬರೇ... ಗೊತ್ತಿಲ್ಲ, ಕೈಯಲ್ಲಿ ಒಂದು ಚೀಲ ಇದೆ... ಇಲ್ಲ, ಕೇಳಲಿಲ್ಲ." ಆಮೇಲೆ ಬಹಳ ಹೊತ್ತು ಬರೀ ಹೂಂಗುಟ್ಟಿದಳು. ಆ ಕಡೆಯಿಂದ ಅವನು ಏನೋ ಹೇಳುತ್ತಿದ್ದಿರಬೇಕು. ಚೀಲದಲ್ಲಿದ್ದದ್ದು ಅವಳದೇ ಕೋಟು, ಅವಳ ಅಮ್ಮ ಬಂದು ಒಯ್ಯದೆ ಬಿಟ್ಟದ್ದು, ಇಸ್ತ್ರಿ ಮಾಡಿದ್ದು. ಕೇಳಿದರೆ ತೋರಿಸೋಣವೆಂದು ಚೀಲದ ಬಾಯಿ ಬಿಚ್ಚಿಕೊಂಡು ನಿಂತೆ.

ಸರಪಳಿ ಕಳಚುವ ಸದ್ದಾಯಿತು.

"ಬರಬಹುದಂತೆ" ಎಂದಳು ಗುಬ್ಬಿ.

ಈಗಿನ ಕಾಲದಲ್ಲಿ ಮಕ್ಕಳಿಗೆ ಇಷ್ಟು ಎಚ್ಚರ ಕಲಿಸುವುದು ಒಳ್ಳೆಯದೇ. ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತೆ. ಅಪ್ಪ ಬರುವ ತನಕ ಗುಬ್ಬಿ ನನ್ನ ಎದುರಿನಿಂದ ಏಳಲಿಲ್ಲ.